ಪರೀಕ್ಷೆಗೆ ಬಾರದ ಗುರುವಾರದ ಪಾಠ

ಡೆನ್ಮಾರ್ಕಿನಲ್ಲಿ ಹೆಣ್ಣಿನ ಕಾಮಸುಖದ ದೇಹಶಾಸ್ತ್ರವನ್ನು ನಾಚಿಕೆಯೂ ಗೇಲಿಯೂ ಇಲ್ಲದೆ ಮೂವತ್ತೊಂದು ವರ್ಷ ಬೋಧಿಸಿದ ಪ್ರೊಫೆಸರ್ ತೋವ ಲಿಂಡಗೋರ್ ಅವರು ಈ ಜೂನ್ ತಿಂಗಳಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರನ್ನು ಅಭಿನಂದಿಸುವ ಯೋಗ್ಯತೆ ನನಗಿದೆಯೇ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಭಗಾಂಕುರವೆಂದರೆ ಹೊರಗೆ ಕಾಣುವ ಕಾಳಿನಷ್ಟು ಭಾಗ ಮಾತ್ರವಲ್ಲ, ಅದರ ಬಹುಪಾಲು ಒಳಗೆ ಮೂಳೆಯ ಮಗ್ಗುಲಲ್ಲಿ ಹರಡಿದೆ. ಉದ್ರೇಕದಲ್ಲಿ ಅದು ರಕ್ತ ತುಂಬಿ ಹಿಗ್ಗುತ್ತದೆ, ಸುಖದ ತುತ್ತತುದಿಯಲ್ಲಿ ಕಟಿತಳದ ಸ್ನಾಯುಗಳು ತಾಳ ಹಿಡಿದಂತೆ ಬಿಗಿದು ಸಡಿಲುತ್ತವೆ. ಅಲ್ಲಿಂದ ಮಿದುಳಿಗೆ ಸುದ್ದಿ ಒಯ್ಯುವುದು ಮುಖ್ಯವಾಗಿ ಎಡಕ್ಕೊಂದು ಬಲಕ್ಕೊಂದು ಇರುವ ಎರಡು ನರಗಳು. ಇದು ಅವರ ಗುರುವಾರದ ಪಾಠ. ಪರೀಕ್ಷೆಗೆ ಬಾರದ್ದರಿಂದ ಅವರ ವಿದ್ಯಾರ್ಥಿಗಳಾದ ನಾವು ಆ ಹೊತ್ತಿಗೆ ಕಾಫಿಗೆ ಹೋಗುತ್ತಿದ್ದೆವು. ನಾನೂ ಹೆಣ್ಣೇ. ನನ್ನ ಮೈಯ ಪಾಠವನ್ನೇ ಬಿಟ್ಟು ಹೋದೆ.

ಹನ್ನೆರಡು ವರ್ಷಗಳ ನಂತರ, ಶಸ್ತ್ರವೈದ್ಯೆಯಾಗಿ, ಬೇಕರಿ ನಡೆಸುವ ಬೊಡಿಲ್ ಎಂಬಾಕೆಗೆ ಭಗಾಂಕುರದ ಬಳಿಯ ಸಣ್ಣ ಗಂಟೊಂದನ್ನು ತೆಗೆದೆ. ಗಾಯ ಬೇಗ ಮಾಯಿತು. ಆಕೆ ಮಾತ್ರ ಮೂರು ಸಲ ಬಂದರು.

“ಡಾಕ್ಟ್ರೇ, ಅಲ್ಲಿ ಏನೂ ಗೊತ್ತಾಗ್ತಿಲ್ಲ. ಮರಗಟ್ಟಿದ ಹಾಗಿದೆ.”

“ಗಾಯ ಚೆನ್ನಾಗೇ ಇದೆಯಲ್ರೀ. ಎಲ್ಲ ಮನಸ್ಸಿಂದು. ಗಂಡನ ಜೊತೆ ನಾಲ್ಕು ದಿನ ಎಲ್ಲಾದ್ರೂ ಹೋಗಿಬನ್ನಿ,” ಎಂದೆ.

“ಹೋಗಿ ಬಂದೆ,” ಎಂದು ಆಕೆ ಎದ್ದು ನಡೆದರು.

ನಡೆದದ್ದು, ರೋಗಿಗಳನ್ನೂ ನೋಡುತ್ತಿದ್ದ ತೋವ ಅವರ ಬಳಿಗೆ. ಅವರು ಪರೀಕ್ಷಿಸಿ ನನ್ನನ್ನು ಕರೆಸಿದರು. ಒಂದು ಮಾತೂ ಬೈಯದೆ, ಶವಚ್ಛೇದನದ ಮೇಜಿನ ಬಳಿ ಕೈಗವಸು ಕೊಟ್ಟು, ಶವದ ಆ ಎರಡು ನರಗಳ ಗುಂಟ ನೀಲಿ ದಾರ ಇಡಿಸಿದರು. ಬೊಡಿಲ್ ಅವರಲ್ಲಿ ನಾನು ಕೊಯ್ದಿದ್ದ ಜಾಗದ ಮೇಲೆಯೇ ದಾರ ಹಾದುಹೋಯಿತು.

“ಆಕೆಯ ನರ ಮತ್ತೆ ಕೂಡತ್ತಾ?”

“ಎರಡೂ ಕಡೆ ತುಂಡಾಗಿ ಹೋಗಿದೆ ಕಣೆ ಸಿಗ್ನೆ. ಸುಳ್ಳು ಹೇಳಲಾರೆ.”

ಬೊಡಿಲ್ ಅವರಿಗೆ ನಿಜ ಹೇಳಿದ ದಿನ ತೋವ ನನ್ನ ಪಕ್ಕದಲ್ಲಿ ಕುಳಿತಿದ್ದರು. ಆ ಉಪಕಾರವನ್ನು ನಾನು ಮರೆಯಲಾರೆ.

ಆ ಪಾಠವನ್ನು ಪರೀಕ್ಷೆಗೆ ಸೇರಿಸಿರೆಂದು ಅವರು ಪ್ರತಿವರ್ಷ ಅರ್ಜಿ ಬರೆದರು, ಆಮೇಲೆ ನಾನೂ ಸಹಿ ಹಾಕಿದೆ. ಸಮಯವಿಲ್ಲ ಎಂಬುದೇ ಪ್ರತಿವರ್ಷದ ಉತ್ತರ. ಈಗ ಅವರ ಹುದ್ದೆಯನ್ನೇ ತುಂಬುವುದಿಲ್ಲವಂತೆ. ಬೀಳ್ಕೊಡುಗೆಯ ದಿನ ನಮ್ಮ ವಾಡಿಕೆಯಂತೆ ಕೇಕಿಗೆ ಪುಟ್ಟ ಬಾವುಟಗಳನ್ನು ಸಿಕ್ಕಿಸಿ ಚಪ್ಪಾಳೆ ತಟ್ಟುತ್ತೇವೆ. ಛೆ, ಇಷ್ಟೇ ನಮ್ಮ ಕೈಲಾದದ್ದು! ಎಲ್ಲೋ ಒಬ್ಬ ಹುಡುಗಿ ಈಗಲೂ ಏನೂ ಅರಿಯದೆ ಚಾಕು ಹಿಡಿಯಲು ಕಲಿಯುತ್ತಿದ್ದಾಳೆ.

ತೋವ, ನಿಮಗೆ ವಿಶ್ರಾಂತಿಯನ್ನು ಹಾರೈಸಲಾರೆ. ಬಹುಕಾಲ ಬಾಳಿ, ಬರೆಯುತ್ತಿರಿ. ನಿಮ್ಮ ನಂತರ ಇದನ್ನು ಹೇಳಿಕೊಡುವವರನ್ನು ನಾವು ಬೆಳೆಸಲಿಲ್ಲ.

ಈ ಲೇಖನಕ್ಕೆ ಬೊಡಿಲ್ ಅವರ ಒಪ್ಪಿಗೆ ಕೇಳಿದೆ. “ನನ್ನ ಹೆಸರು ಬರೀರಿ, ನನಗೇನು ನಾಚಿಕೆ? ಆದ್ರೆ ನಿಮ್ಮ ಹೆಸರೂ ಪೂರ್ತಿ ಹಾಕ್ಬೇಕು,” ಎಂದರು. ಹಾಕಿದ್ದೇನೆ.

ಡಾ. ಸಿಗ್ನೆ ರಾವ್ನ್‌ಹೋಲ್ಟ್