ಹೊಡೆಯದ ಹಾರನ್

ಬಸ್ಸು ಓಡುತ್ತಿರುವಾಗ ಚಾಲಕನೊಂದಿಗೆ ಮಾತನಾಡಬಾರದು. ಈ ಬೋರ್ಡನ್ನು ಎಲ್ಲ ಬಸ್ಸುಗಳಲ್ಲೂ ಬರೆಸಿದ ಇನ್‌ಸ್ಪೆಕ್ಟರ್ ನಾನೇ.

ಒಮ್ಮೆ ಹರಿಹರದಿಂದ ದಾವಣಗೆರೆಗೆ ಬರುವಾಗ, ಮಿಲ್ಲಿನ ಗುಮಾಸ್ತನೊಬ್ಬ ತೂಗಾಡುತ್ತ ಎದ್ದು ನಿಂತು, ಮುಂದಿನ ಸೀಟಿನಲ್ಲಿದ್ದ ಟೀಚರಮ್ಮನಿಗೆ, "ನನ್ನ ಮದುವಿ ಆಗ್ತೀರೇನ್ರಿ?" ಎಂದು ಎಲ್ಲರೆದುರೇ ಕೇಳಿಬಿಟ್ಟ.

"ಆಗ್ತೀನ್ರಿ, ಮೊದ್ಲು ಕೂಡ್ರಿ, ಬೀಳ್ತೀರಿ!" ಎಂದಳು ಆಕೆ.

ಬಸ್ಸಿಗೆ ಬಸ್ಸೇ ಹೋ ಎಂದಿತು. "ಡ್ರೈವರಪ್ಪಾ, ಹಾರನ್ ಹೊಡಿ!" ಎಂದು ಮಂಡಕ್ಕಿ ಚೀಲದ ಅಜ್ಜಿ ಡ್ರೈವರನ ಬೆನ್ನಿಗೇ ಗುದ್ದಿದಳು. ಖುಷಿಯಲ್ಲಿ ನನ್ನ ಶಿಸ್ತೂ ಜಾರಿತು. "ಹೊಡೀರಿ, ಪರವಾಗಿಲ್ಲ," ಎಂದೆ.

ಕಂಡಕ್ಟರ್ ಡ್ರೈವರನತ್ತ ಕಣ್ಣು ತೋರಿಸಿ ನನ್ನ ಕಿವಿಯಲ್ಲಿ, "ಸಾಹೇಬ್ರ, ಹೋದ ವರ್ಷದ ತನಕ ಆಯಮ್ಮ ಮದುವಿ ಆಗ್ಬೇಕಂತಿದ್ದಿದ್ದು ಇವನ್ನೇ ರೀ," ಎಂದ.

ಡ್ರೈವರ್ ಹಾರನ್ ಮುಟ್ಟಲಿಲ್ಲ. ರಸ್ತೆಯಿಂದ ಕಣ್ಣು ಕೀಳದೆ, ತಲೆಯ ಮೇಲಿದ್ದ ನನ್ನ ಬೋರ್ಡಿನತ್ತ ಬೆರಳು ತೋರಿಸಿದ.