ಹೊಳೆವ್ವನ ಸಹಿ

ನರೇಗಲ್ಲಿನ ಸರಕಾರಿ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಅಡುಗೆಯವರು ಮೂವರು. ಸಾರಿಗೆ ಉಪ್ಪು ಹಾಕುವುದರಲ್ಲಿ ಮೂವರದೂ ಒಂದೇ ಕೈ. ಆದರೂ ಮುಖ್ಯ ಅಡುಗೆಯವಳು ಎಂಬ ಪದವಿ ಹೊಳೆವ್ವನದು, ಯಾಕೆಂದರೆ ಉಳಿದಿಬ್ಬರು ಹೆಬ್ಬೆಟ್ಟಿನವರು, ಇವಳು ಸಹಿಯವಳು. ಆ ಸಹಿಯಾದರೂ ಎಂಥದ್ದು! ನಡುವಿನ ‘ಳೆ’ ಹೊಟ್ಟೆ ಬಿಟ್ಟುಕೊಂಡು ಕೂತಿರುತ್ತದೆ, ಕೆಳಗೆ ಎರಡು ಗೆರೆ, ಗೆರೆಯ ತುದಿಗೊಂದು ಚುಕ್ಕೆ. ಹೆಡ್‌ಮಾಸ್ತರರ ಸಹಿಗೂ ಚುಕ್ಕೆಯಿಲ್ಲ, ಬೇಕಾದರೆ ನೋಡಿಕೊಳ್ಳಿ.

ಅದು ಸುಮ್ಮನೆ ಬಂದದ್ದಲ್ಲ. ಗಂಡ ಸತ್ತ ವರ್ಷ ಮೈದುನರು ಯಾವುದೋ ಕಾಗದ ತಂದು, ಪಿಂಚಣಿಗೆ ಬೇಕು ಎಂದು ಹೇಳಿ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಪಿಂಚಣಿ ಬರಲಿಲ್ಲ, ಗಂಡನ ಪಾಲಿನ ಹೊಲ ಹೋಯಿತು. ಬೆಳವಣಕಿಯಲ್ಲಿ ಕುರಿ ಕಾಯ್ದುಕೊಂಡಿದ್ದ ಅವಳ ತಂದೆ ಅಮೋಘಸಿದ್ದಪ್ಪ ಮಗಳನ್ನು ತವರಿಗೆ ಕರೆತಂದು, ಮೊದಲ ಕೆಲಸವಾಗಿ ಸಂಜೆಯ ಸಾಕ್ಷರತಾ ತರಗತಿಗೆ ಹಾಕಿದ. ತನಗೆ ಒಂದಕ್ಷರ ಬಾರದಿದ್ದರೂ ಎದುರಿಗೆ ಕೂತು ತಿದ್ದಿಸಿದ. “ಇನ್ನ ಮುಂದ ನಿನಗ ಯಾರೂ ಮೋಸ ಮಾಡಬಾರದವ್ವಾ” ಎಂಬುದು ಅವನ ಒಂದೇ ಮಾತು.

ಹೆಸರು ಬರೆಯುವುದನ್ನು ಹೊಳೆವ್ವ ಬೇಗ ಕಲಿತಳು, ಆ ಸಹಿಯ ಬಲದಿಂದಲೇ ನರೇಗಲ್ಲಿನ ಶಾಲೆಯಲ್ಲಿ ಕೆಲಸ ಸಿಕ್ಕು ಅಲ್ಲೇ ಮನೆ ಮಾಡಿದಳು. ಓದು ಮಾತ್ರ ಅಕ್ಷರಕ್ಕೊಂದು ಉಸಿರು ತಗೊಂಡು ಏದುತ್ತ ಸಾಗುತ್ತಿತ್ತು. ನಾಲ್ಕು ಜನರ ಮುಂದೆ ಹಾಗೆ ಓದಲು ಅವಳಿಗೆ ಜೀವ ಹೋದಷ್ಟು ನಾಚಿಕೆ. ಓದುತ್ತ ಕೂತರೆ ಬಾರದವಳೆಂದು ಗೊತ್ತಾಗುತ್ತದೆ. ಕಾಗದ ಮುಂದಿಟ್ಟ ಕೂಡಲೇ ಪಟ್ಟನೆ ಸಹಿ ಹಾಕಿದರೆ ಕಲಿತವಳು ಎನ್ನುತ್ತಾರೆ. ಅವಳು ಪಟ್ಟನೆ ಹಾಕುತ್ತಿದ್ದಳು. ಊರವರೂ ಕಲಿತವಳು ಎನ್ನುತ್ತಿದ್ದರು. ಎಲ್ಲ ಚೆನ್ನಾಗಿಯೇ ನಡೆದಿತ್ತು.

ಇಂಥ ಹೊಳೆವ್ವ ಮೂರು ವರ್ಷದಿಂದ ತವರಿನ ಹೊಸ್ತಿಲು ತುಳಿದಿರಲಿಲ್ಲ. ಅದಕ್ಕೆ ಕಾರಣ ಅಪ್ಪನ ಸಾವು.

ಮೂರು ವರ್ಷದ ಹಿಂದೆ ಒಂದು ಮುಂಜಾನೆ ಅಮೋಘಸಿದ್ದಪ್ಪ ಹೊಟ್ಟೆ ಹಿಡಿದುಕೊಂಡು ಹೊರಳಾಡತೊಡಗಿದಾಗ ಮಗ ದುರಗೇಶ ಅವನನ್ನು ರೋಣದ ಒಂದು ಖಾಸಗಿ ದವಾಖಾನೆಗೆ ಸೇರಿಸಿದ. ಸುದ್ದಿ ಕೇಳಿ ಹೊಳೆವ್ವ ನರೇಗಲ್ಲಿನಿಂದ ಓಡಿದಳು. ಕರುಳು ತಿರುವಿಕೊಂಡಿದೆ, ಈವತ್ತೇ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದ್ದನ್ನು ಅವಳು ಕಿವಿಯಾರೆ ಕೇಳಿದ್ದಳು. ನರ್ಸಬಾಯಿ ಕಾಗದದ ಮೇಲೆ ಕಾಗದ ತಂದಳು. ಹೊಳೆವ್ವ ಸಹಿ ಹಾಕಿದ್ದೇ ಹಾಕಿದ್ದು. ಕೊನೆಯ ಕಾಗದಕ್ಕೆ ಸಹಿ ಹಾಕುವಾಗ ಮಂಚದ ಮೇಲಿದ್ದ ಅಪ್ಪ ಅಷ್ಟು ನೋವಿನಲ್ಲೂ ಕತ್ತೆತ್ತಿ ನೋಡಿ, “ಭಾಳ ಚಂದ ಬರೀತಿ ಬಿಡವ್ವಾ” ಎಂದು ನಕ್ಕಿದ್ದ. ಅಪ್ಪ ತನ್ನನ್ನು ಹೊಗಳಿದ ಕೊನೆಯ ಮಾತು ಅದು. ಅದನ್ನು ಅವಳು ಆಮೇಲೆ ಎಷ್ಟು ಜನರಿಗೆ ಹೇಳಿದಳೋ ಲೆಕ್ಕವಿಲ್ಲ.

ಅವಳು ಚಹಾ ತರಲು ಹೊರಗೆ ಹೋಗಿ ಬರುವಷ್ಟರಲ್ಲಿ ದುರಗೇಶ ಅಪ್ಪನನ್ನು ಟಂಟಂ ಗಾಡಿಗೆ ಹತ್ತಿಸಿದ್ದ. ಯಾಕೆ, ಏನು ಎಂದು ಎಷ್ಟು ಕೂಗಾಡಿದರೂ ಮನೆಗೆ ಹೋಗೋಣ ನಡಿ ಎಂದಷ್ಟೇ ಅಂದ. ಮೂರನೇ ದಿನ ಅಪ್ಪ ಹೋದ.

ಮಣ್ಣು ಮಾಡಿ ಬಂದ ದಿನವೇ ಹೊಳೆವ್ವ ಬಂಧುಬಳಗದ ಮುಂದೆ ತಮ್ಮನ ಮೇಲೆ ಮುಗಿಬಿದ್ದಳು. ಖರ್ಚಿಗೆ ಹೆದರಿ ಆಪರೇಷನ್ ತಪ್ಪಿಸಿದವ, ಅಪ್ಪನನ್ನು ತಿಂದವ ಎಂದಳು. ದುರಗೇಶ ತಲೆ ತಗ್ಗಿಸಿ ನಿಂತ. ತಲೆ ತಗ್ಗಿಸಿದ್ದೇ ತಪ್ಪೊಪ್ಪಿಕೊಂಡ ಹಾಗಾಯಿತು, ಊರೂ ಹಾಗೇ ತಿಳಿಯಿತು. ಆಮೇಲೆ ಪ್ರತಿ ವರ್ಷ ನಾಗರ ಪಂಚಮಿಗೆ ಅವನು ಉಂಡಿಯ ಡಬ್ಬಿ ಹಿಡಿದುಕೊಂಡು ಅಕ್ಕನನ್ನು ಕರೆಯಲು ಬರುತ್ತಿದ್ದ. ಅವಳು ಬಾಗಿಲಲ್ಲೇ ನಿಲ್ಲಿಸಿ ಡಬ್ಬಿ ಹೊಳ್ಳಿ ಕೊಡುತ್ತಿದ್ದಳು. ಅವನು ಅದನ್ನು ಹಿಡಿದುಕೊಂಡು ಬಸ್ ಹತ್ತುತ್ತಿದ್ದ.

ಈ ವರ್ಷ ಬೆಳವಣಕಿಯ ಹಿರಿಯರೇ ಹೇಳಿಕಳಿಸಿದರು: ಸಾಕು ಮಾಡು, ತಮ್ಮನಲ್ಲವೇ, ಪಂಚಮಿಗೆ ಬಾ. ಹೊಳೆವ್ವನ ಸಿಟ್ಟು ಹಾಗೆಲ್ಲ ಇಳಿಯುವಂಥದ್ದಲ್ಲ. ಬರುತ್ತೇನೆ, ಆದರೆ ಬರಿಗೈಲಿ ಬರುವುದಿಲ್ಲ, ಡಾಕ್ಟರು ಬರೆದ ಕಾಗದ ತರುತ್ತೇನೆ. ಕಟ್ಟೆಯ ಮೇಲೆ ಎಲ್ಲರ ಮುಂದೆ ನಾನೇ ಓದುತ್ತೇನೆ, ಅವನು ನೆಲಕ್ಕೆ ಹಣೆ ಹಚ್ಚಿ ತಪ್ಪಾಯಿತು ಅನ್ನಲಿ ಎಂದು ಸಿಟ್ಟಿನ ಭರದಲ್ಲಿ ಓದುವ ನಾಚಿಕೆಯನ್ನೂ ಮರೆತು ಸವಾಲು ಹಾಕಿ ಕಳಿಸಿದಳು. ಸತ್ತವರ ಕಾಗದಪತ್ರ ಮಕ್ಕಳು ಕೇಳಿದರೆ ದವಾಖಾನೆಯವರು ಕೊಡಲೇಬೇಕು ಎಂದು ಶಾಲೆಯ ನಾಗರತ್ನಾ ಟೀಚರು ಹೇಳಿದ್ದರು, ಅರ್ಜಿಯನ್ನೂ ಅವರೇ ಬರೆದುಕೊಟ್ಟಿದ್ದರು. ಸಹಿ ಇವಳದು, ಚುಕ್ಕೆ ಸಮೇತ.

ಎರಡು ಸಲ ರೋಣಕ್ಕೆ ಹೋಗಿ ಮರಣದ ದಾಖಲೆ ಇಲ್ಲ, ಆಧಾರ್ ಇಲ್ಲ ಎಂದು ವಾಪಸು ಬಂದಳು. ಮೂರನೇ ಸಲ ಅವಳನ್ನು ಮಹಡಿಯ ಮೇಲಿನ ಹಳೆಯ ಫೈಲುಗಳ ಕೋಣೆಗೆ ಕಳಿಸಿದರು. ಅಲ್ಲಿ ರಮಜಾನಸಾಬ ಎಂಬ ಮುದುಕ ಒಬ್ಬನೇ ಫೈಲುಗಳನ್ನು ಬಟ್ಟೆಯ ಚಿಂದಿಯಿಂದ ಗಂಟು ಕಟ್ಟುತ್ತ ಕೂತಿದ್ದ. ಅವನು ಏಣಿ ಹತ್ತಿ ಒಂದು ಗಂಟು ಇಳಿಸಿ, ಧೂಳು ಕೊಡವಿ, ಒಳಗಿನಿಂದ ಅಮೋಘಸಿದ್ದಪ್ಪನನ್ನು ಹುಡುಕಿ ತೆಗೆದ. ಒಬ್ಬ ಮನುಷ್ಯನ ಕೊನೆಯ ದಿನವೆಲ್ಲ ಇಷ್ಟು ತೆಳ್ಳಗಿನ ಫೈಲಿನಲ್ಲಿ ಹಿಡಿಸುತ್ತದೆಂದು ಹೊಳೆವ್ವ ಎಣಿಸಿರಲಿಲ್ಲ.

ಇಂಗ್ಲಿಷಿನಲ್ಲಿ ಇರುವುದನ್ನು ಓದಿ ಹೇಳುವಂತೆ ಅವಳು ಕೇಳಿಕೊಂಡಳು. ಮುದುಕ ಕನ್ನಡಕ ಏರಿಸಿದ. ಇದು ರಕ್ತದ ತಪಾಸಣೆ, ಇದು ಸ್ಕ್ಯಾನಿಂಗು ಎನ್ನುತ್ತ ಒಂದೊಂದೇ ಹಾಳೆ ಸರಿಸಿದ. ಹೊಳೆವ್ವ ಕಾಯುತ್ತಿದ್ದುದು ಒಂದೇ ಹಾಳೆಗೆ: ಮಗ ಒಪ್ಪಲಿಲ್ಲ ಎಂದು ಡಾಕ್ಟರು ಬರೆದ ಹಾಳೆಗೆ.

“ಇದು ಆಪರೇಷನ್ನಿಗೆ ಒಪ್ಪಿಗಿ ಪತ್ರ ತಂಗೀ. ದುರಗೇಶ ಅಂತ ಸಹಿ ಐತಿ. ಮಗ ಏನು?”

ಒಪ್ಪಿಗೆಯೇ, ಬೇಡವೆಂದೇ ಎಂದು ಅವಳು ಎರಡು ಸಲ ಕೇಳಿದಳು. ಮುದುಕ ಎರಡು ಸಲವೂ ಒಪ್ಪಿಗೆ ಎಂದ. ಅಷ್ಟೇ ಅಲ್ಲ, ಅದರ ಕೆಳಗೆ ಡಾಕ್ಟರು ಬರೆದದ್ದನ್ನೂ ಓದಿದ: ಮಗ ಒಪ್ಪಿದ್ದಾನೆ, ಆಪರೇಷನ್ನಿನ ಔಷಧ ತರಲು ಹೋಗಿದ್ದಾನೆ, ರೋಗಿ ತಾನೇ ಬೇಡವೆಂದು ಹಟ ಹಿಡಿದಿದ್ದಾನೆ. ಹೊಳೆವ್ವ ಮೂರು ವರ್ಷ ಬೈದ ಬೈಗುಳವೆಲ್ಲ ಒಮ್ಮೆಗೇ ಬಾಯಿಗೆ ವಾಪಸು ಬಂದಂತಾಯಿತು. ಹಾಗಾದರೆ ಅಪ್ಪನನ್ನು ಬಿಟ್ಟು ಕಳಿಸಿದವರು ಯಾರು ಎಂದಳು. ಮುದುಕ ಕೊನೆಯ ಹಾಳೆ ಎತ್ತಿದವನು ಅವಳ ಮುಖ ನೋಡಿ, ಮತ್ತೆ ಹಾಳೆ ನೋಡಿ, ಅದನ್ನು ಅವಳ ಮುಂದೆ ಇಟ್ಟ.

“ಇದು ಕನ್ನಡದಾಗ ಐತಿ ತಂಗೀ. ನೀವ ಓದ್ರಿ.”

ಓದುವ ಅಗತ್ಯವೇ ಬೀಳಲಿಲ್ಲ. ಹಾಳೆಯ ಕೆಳಗಡೆ ಒಂದು ಹೆಬ್ಬೆಟ್ಟಿನ ಗುರುತು, ಅದರ ಪಕ್ಕದಲ್ಲಿ ಹೊಟ್ಟೆ ಬಿಟ್ಟುಕೊಂಡು ಕೂತ ‘ಳೆ’. ಎರಡು ಗೆರೆ. ಚುಕ್ಕೆ.

ಇದು ತನ್ನದಲ್ಲ, ಯಾರೋ ಹಾಕಿದ್ದಾರೆ ಎಂದು ಹೇಳಲು ಬಾಯಿ ತೆರೆದಳು. ಜಗತ್ತಿನಲ್ಲಿ ಯಾರು ಹಾಕುತ್ತಾರೆ ಆ ಚುಕ್ಕೆ? ಬೆರಳು ಇಟ್ಟು ಮೇಲಿನಿಂದ ಓದತೊಡಗಿದಳು, ಮುದುಕ ಕೂತಿದ್ದಾನೆಂಬ ನಾಚಿಕೆಯೂ ಮರೆತುಹೋಗಿತ್ತು. ‘ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಜೀವಕ್ಕೆ ಅಪಾಯವಿದೆ ಎಂದು ವೈದ್ಯರು ತಿಳಿಸಿದ್ದಾರೆ. ಆದರೂ ರೋಗಿಯನ್ನು ನಮ್ಮ ಜವಾಬ್ದಾರಿಯ ಮೇಲೆ ಮನೆಗೆ ಕರೆದುಕೊಂಡು ಹೋಗುತ್ತಿದ್ದೇವೆ.’ ಇಷ್ಟು ಸಣ್ಣ ಬರಹ. ಅಂದು ಓದಿದ್ದರೆ ಒಂದು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯುತ್ತಿರಲಿಲ್ಲ. ಅಪ್ಪ ಕತ್ತೆತ್ತಿ ನೋಡಿ ನಕ್ಕದ್ದು ಈ ಕಾಗದವನ್ನು. ಚಂದ ಬರೀತಿ ಎಂದದ್ದು ಇದನ್ನು.

ರಮಜಾನಸಾಬ ನೀರು ತಂದುಕೊಟ್ಟ. ಅವಳು ಕುಡಿದಳೋ ಇಲ್ಲವೋ ನೆನಪಿಲ್ಲ. ನಕಲು ಪ್ರತಿ ಕೈಗೆ ಬಂದ ಮೇಲೆ ಬಸ್ ನಿಲ್ದಾಣದಲ್ಲಿ ನರೇಗಲ್ಲಿನ ಬಸ್ ಎದುರಿಗೇ ನಿಂತಿತ್ತು. ಅದನ್ನು ದಾಟಿ ಹೋಗಿ ಬೆಳವಣಕಿಯ ಬಸ್ ಹತ್ತಿದಳು.

ತವರಿನ ಪಡಸಾಲೆಯಲ್ಲಿ ದುರಗೇಶ ಪಂಚಮಿಗೆಂದು ಜಂತಿಗೆ ಜೋಕಾಲಿಯ ಹಗ್ಗ ಕಟ್ಟುತ್ತಿದ್ದ. ಅವನ ಹೆಂಡತಿ ನೇತ್ರಾ ಶೇಂಗಾದ ಉಂಡಿ ಕಟ್ಟುತ್ತಿದ್ದವಳು ಗಂಡನ ಅಕ್ಕ ಒಳಬಂದದ್ದನ್ನು ಕಂಡು ಕೈಯಲ್ಲಿ ಹಿಟ್ಟು ಹಿಡಿದೇ ಎದ್ದುನಿಂತಳು. ಹೊಳೆವ್ವ ಕಾಗದವನ್ನು ತಮ್ಮನ ಮುಂದೆ ಹಿಡಿದಳು. ಅವನು ಓದಲಿಲ್ಲ. ನೋಡಿದ ಕೂಡಲೇ ಗುರುತು ಹಿಡಿದ.

“ಇದನ್ನ ಯಾಕ ತರಾಕ ಹೋದಿ ಯಕ್ಕಾ” ಎಂದು ಹಗ್ಗ ಬಿಟ್ಟು ಕೆಳಗೆ ಕೂತ.

ಆಮೇಲೆ ಅವನು ನಿಧಾನವಾಗಿ ಹೇಳಿದ. ಅವ್ವನನ್ನು ಹಿಂದೆ ಹೀಗೇ ಆಪರೇಷನ್ನಿಗೆ ಒಳಗೆ ಒಯ್ದವರು ಹೆಣ ಹೊರಗೆ ತಂದಿದ್ದರು. ಅಂದಿನಿಂದ ಅಪ್ಪನಿಗೆ ಆ ಬಾಗಿಲೆಂದರೆ ನಡುಕ. ಡಾಕ್ಟರು ಎಷ್ಟು ಹೇಳಿದರೂ ಕೇಳಲಿಲ್ಲ. ಬಿಟ್ಟು ಕಳಿಸಬೇಕಾದರೆ ಮನೆಯವರೊಬ್ಬರು ಸಹಿ ಹಾಕಬೇಕು ಎಂದಾಗ ದುರಗೇಶ ಖಡಾಖಂಡಿತವಾಗಿ ಆಗುವುದಿಲ್ಲ ಎಂದ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಔಷಧಿ ತರಲು ಓಡಿದ. ಅವನು ಹೊರಗೆ ಹೋದದ್ದೇ ತಡ, ಅಪ್ಪ ನರ್ಸಿಗೆ ಹೇಳಿದನಂತೆ: ನನ್ನ ಮಗಳು ಕಲಿತವಳು, ಅವಳಿಗೆ ಎಲ್ಲ ಹೇಳಿದ್ದೇನೆ, ಕಾಗದ ಕೊಡಿ, ಓದಿ ಹಾಕುತ್ತಾಳೆ. ಮಗಳು ಓದುವುದಿಲ್ಲ ಎಂಬುದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಎದುರಿಗೆ ಕೂತು ತಿದ್ದಿಸಿದವನಲ್ಲವೇ. ದುರಗೇಶ ಔಷಧಿಯ ಚೀಲ ಹಿಡಿದು ಬಂದಾಗ ಎಲ್ಲ ಮುಗಿದಿತ್ತು, ಹಟ ಹಿಡಿದ ಅಪ್ಪನನ್ನು ಗಾಡಿಗೆ ಹತ್ತಿಸದೆ ಬೇರೆ ದಾರಿಯಿರಲಿಲ್ಲ. ಎರಡು ದಿನ ಮನೆಯಲ್ಲಿ ಕಾಲು ಹಿಡಿದು ಬೇಡಿಕೊಂಡ, ಊರಿನ ಡಾಕ್ಟರನ್ನು ಕರೆತಂದ. ಅಪ್ಪ ಹಲ್ಲು ಕಚ್ಚಿ ಮಲಗಿಬಿಟ್ಟ.

“ಗಾಡ್ಯಾಗ ನನ್ನ ಕಡೆ ಆಣಿ ಹಾಕಿಸ್ಕೊಂಡ ಯಕ್ಕಾ. ಆಕೀಗಿ ಹೇಳಬ್ಯಾಡ ಅಂದ. ಯಾರೂ ಮೋಸ ಮಾಡಬಾರ್ದಂತ ಕಲಿಸಿದಾಂವ ನಾನ ಮೋಸ ಮಾಡೀನಿ, ಗೊತ್ತಾದ್ರ ಆಕಿ ಮತ್ತ ಪೆನ್ ಮುಟ್ಟಂಗಿಲ್ಲ ಅಂದ.”

ಅಪ್ಪನ ಮೇಲೆ ಸಿಟ್ಟು ಬರಬೇಕೋ, ತನ್ನ ಮೇಲೋ, ಹೊಳೆವ್ವನಿಗೆ ತಿಳಿಯಲಿಲ್ಲ. ಕಡೆಗೆ ಅವಳ ಬಾಯಿಂದ ಬಂದದ್ದು, ಊರ ಮುಂದೆ ಕೊಲೆಗಾರ ಎಂದಾಗಲಾದರೂ ಬಾಯಿ ಬಿಡಬಾರದಿತ್ತೇ ಎಂಬ ಪ್ರಶ್ನೆ.

“ನೀ ಬೈದ್ರ ನಾ ತಡಕೊಂತಿದ್ನಿ. ನಿನ್ನ ನೀನ ಬೈಕೊಳ್ಳಾಕ ಹತ್ತಿದ್ರ ಯಾರ ಬಿಡಿಸ್ತಿದ್ರು?” ಎಂದ ದುರಗೇಶ. ಹೇಳಿ, ಅರ್ಧ ಕಟ್ಟಿದ ಹಗ್ಗ ನೋಡುತ್ತ ಕೂತ.

ಆ ಕಾಗದವನ್ನು ಒಲೆಗೆ ಹಾಕಿಬಿಡು, ಹಿರಿಯರಿಗೆ ನಾನೇ ತಪ್ಪಾಯಿತು ಎನ್ನುತ್ತೇನೆ, ಇಲ್ಲಿಗೆ ಮುಗಿಯಲಿ ಎಂದು ಅವನು ಬಹಳ ಹೇಳಿದ. ನೇತ್ರಾಳೂ ಹೇಳಿದಳು. ಹೊಳೆವ್ವ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದಲ್ಲಿ ಇಟ್ಟುಕೊಂಡಳು.

ಪಂಚಮಿಯ ದಿನ ಹಾಲೆರೆದು ಬಂದ ಮೇಲೆ ಹಿರಿಯರು ಕಟ್ಟೆಯ ಮೇಲೆ ಸೇರಿದರು. ಅಕ್ಕತಮ್ಮಂದಿರ ಜಗಳ ಹರಿಯುವುದನ್ನು ನೋಡಲು ಅರ್ಧ ಊರೇ ನೆರೆದಿತ್ತು. ದುರಗೇಶ ಮುಂದೆ ಬಂದು ನೆಲಕ್ಕೆ ಮೊಣಕಾಲು ಊರಲು ಹೋದ. ಹೊಳೆವ್ವ ಅವನ ರಟ್ಟೆ ಹಿಡಿದು ಎಬ್ಬಿಸಿ ತನ್ನ ಪಕ್ಕಕ್ಕೆ ನಿಲ್ಲಿಸಿಕೊಂಡಳು. ಕಾಗದ ಬಿಡಿಸಿ, ಮೊದಲ ಅಕ್ಷರದ ಕೆಳಗೆ ಬೆರಳು ಇಟ್ಟಳು.

ಶ. ಸ್ತ್ರ. ಚಿ. ಒತ್ತಕ್ಷರ ಬಂದಲ್ಲೆಲ್ಲ ನಿಂತಳು, ಹಿಂದೆ ಹೋಗಿ ಮತ್ತೆ ಬಂದಳು. ಕಲಿತವಳು ಎಂದು ಇಷ್ಟು ವರ್ಷ ಹೇಳಿದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳ ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ಬೆರಳು ಮಾತ್ರ ಸರಿಯುತ್ತಲೇ ಇತ್ತು. ಬಹಳ ಹೊತ್ತು ಹಿಡಿಯಿತು. ಹಾಳೆಯ ಕೆಳಗೆ ಬಂದು, ಅಲ್ಲಿ ಬರೆದ ಹೆಸರನ್ನೂ ಒಂದೊಂದೇ ಅಕ್ಷರವಾಗಿ ಎಲ್ಲರಿಗೂ ಕೇಳುವಂತೆ ಓದಿದಳು.