ಬಯ್ಯಪ್ಪ ಬರೆದಿಟ್ಟ ಗಾಡಿ ನಂಬರುಗಳು

ಬಯ್ಯಪ್ಪನಿಗೆ ಒಂದು ಕಡೆ ಕೂತು ಅಭ್ಯಾಸವಿರಲಿಲ್ಲ. ಮಂಡಿಕಲ್ ಕಡೆಯ ಒಕ್ಕಲು ಮನೆತನದವನು. ಹಿಪ್ಪುನೇರಳೆ ತೋಟವನ್ನು ಹೆಂಡತಿಗೆ ಒಪ್ಪಿಸಿ, ಹೋಂಗಾರ್ಡ್ ಆಗಿ ಶಿಡ್ಲಘಟ್ಟದ ಪೇಟೆ ಬೀದಿಯ ಸಂಚಾರ ನೋಡಿಕೊಳ್ಳುತ್ತಿದ್ದ. ಅವನಿಗೆಂದು ಹಾಕಿದ್ದ ಕುರ್ಚಿಯಲ್ಲಿ ಹೂವಿನವಳು ಬುಟ್ಟಿ ಇಡುತ್ತಿದ್ದಳು. ಅವನು ಬೀದಿಯ ಉದ್ದಕ್ಕೂ ನಡೆಯುತ್ತಲೇ ಇರುತ್ತಿದ್ದ.

ಬೇಸಿಗೆಯ ಒಂದು ಬೆಳಿಗ್ಗೆ, ರೇಷ್ಮೆಗೂಡು ತುಂಬಿದ ಆಟೊ ಆ ಬೀದಿಯಲ್ಲಿ ಸಿಕ್ಕಿಕೊಂಡಿತು. ಎರಡೂ ಬದಿಗೆ ಕಾರು, ಬೈಕು. ಬಯ್ಯಪ್ಪ ಎಷ್ಟು ಪೀಪಿ ಊದಿದರೂ ದಾರಿಯಾಗಲಿಲ್ಲ. ಗೂಡು ತಂದಿದ್ದ ಮುನಿಗಂಗಮ್ಮ ಎಂಬ ಮುದುಕಿ ಕೊನೆಗೆ ಚೀಲ ತಲೆ ಮೇಲೆ ಹೊತ್ತು ನಡೆದಳು. ಅಷ್ಟರಲ್ಲಿ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿದಿತ್ತು. ವಾಪಸು ಬರುವಾಗ ಅವನೆದುರು ನಿಂತಳು.

“ನೀನೂ ಗೂಡು ಬೆಳೆಯೋರ ಮನೆಯೋನೇ ಅಲ್ವೇನಪ್ಪ?”

ಆ ಮಾತು ಮುಳ್ಳಿನಂತೆ ನಾಟಿತು. ಮಾರನೆಯ ದಿನದಿಂದ ಬಯ್ಯಪ್ಪ ಒಂದು ನೋಟ್‌ಬುಕ್ ಹಿಡಿದು, ಬೀದಿಯಲ್ಲಿ ನಿಂತ ಗಾಡಿಗಳ ನಂಬರನ್ನು ಗಂಟೆಗೊಮ್ಮೆ ಬರೆದುಕೊಳ್ಳತೊಡಗಿದ. ಹೊರಗಿನವರು ಬಂದು ಬೀದಿ ತುಂಬಿಸುತ್ತಾರೆ ಎಂದು ಊರೆಲ್ಲ ಹೇಳುತ್ತಿತ್ತು. ಹನ್ನೆರಡು ದಿನದ ಬರಹ ಬೇರೆಯದನ್ನೇ ಹೇಳಿತು: ಅಂಗಡಿ ತೆರೆದಾಗಿನಿಂದ ಮುಚ್ಚುವವರೆಗೆ ಕದಲದ ಗಾಡಿಗಳೆಲ್ಲ ಅಂಗಡಿಯವರದ್ದೇ. ಅವುಗಳಲ್ಲಿ ಒಂದು, ಹಾರ್ಡ್‌ವೇರ್ ಅಂಗಡಿಯಿಟ್ಟಿದ್ದ ಅವನ ಅಕ್ಕನ ಗಂಡ ವೆಂಕಟರಾಮಪ್ಪನ ಬಿಳಿ ಕಾರು.

ಆ ನಂಬರಿದ್ದ ಪುಟಗಳನ್ನು ಹರಿದುಬಿಡಲೇ ಎಂದು ಬಯ್ಯಪ್ಪ ಎರಡು ಸಲ ಬೆರಳಿಟ್ಟು ತೆಗೆದ.

ನಗರಸಭೆಯವರು ಸಭೆ ಕರೆದಾಗ, ಹೂವಿನವರನ್ನೂ ತಳ್ಳುಗಾಡಿಯವರನ್ನೂ ಎಬ್ಬಿಸಿದರೆ ಸಾಕು ಎಂದು ಅಂಗಡಿಯವರು ಪಟ್ಟು ಹಿಡಿದರು. ಬಾಗಿಲಲ್ಲಿ ನಿಂತಿದ್ದ ಬಯ್ಯಪ್ಪ ಒಳಗೆ ಹೋಗಿ, ಒಂದು ಮಾತು ಹೇಳಲು ಅಪ್ಪಣೆ ಕೇಳಿದ. ಹೆಸರು ಹೇಳದೆ, ಇಡೀ ದಿನ ಬೀದಿಯಲ್ಲೇ ನಿಲ್ಲುವ ಗಾಡಿಗಳ ನಂಬರನ್ನಷ್ಟೇ ಓದಿದ. ಭಾವನ ನಂಬರು ಬಂದಾಗ ಅದನ್ನೂ ಓದಿಯೇ ಓದಿದ. ಹೂವಿನವರನ್ನು ಎಬ್ಬಿಸುವ ಮಾತು ಅಲ್ಲಿಗೆ ನಿಂತಿತು.

ಹೊರಗೆ ವೆಂಕಟರಾಮಪ್ಪ ಅಡ್ಡ ನಿಂತ. “ನಮ್ಮನೆ ಉಪ್ಪು ತಿಂದೋನು ಕಣೋ ನೀನು.”

“ತಿಂದೀನಿ ಭಾವ. ನಿಮ್ದೊಂದು ಬಿಟ್ಟು ಮಿಕ್ಕೋರದ್ದು ಓದೋಕೆ ನಂಗೆ ಮನಸ್ಸು ಬರಲಿಲ್ಲ.”

ತಿಂಗಳೊಳಗೆ ಹೊಸ ಕಟ್ಟಳೆ ಬಂತು. ಅಂಗಡಿಯವರ ಗಾಡಿಗಳಿಗೆ ಪೇಟೆಯ ಹಿಂದಿನ ಖಾಲಿ ಮೈದಾನ; ಬೀದಿಯಲ್ಲಿ ಗಿರಾಕಿಗಳ ಗಾಡಿಗೆ ಒಂದು ಗಂಟೆ ಮಾತ್ರ; ಬೆಳಗಿನ ಹೊತ್ತು ಒಂದು ಬದಿ ಪೂರಾ ಖಾಲಿ. ಗೊಣಗಾಟ ನಡೆದೇ ಇತ್ತು, ಆದರೆ ಗೂಡಿನ ಗಾಡಿಗಳು ಹರಾಜಿನ ಹೊತ್ತಿಗೆ ತಲುಪತೊಡಗಿದವು. ಅಕ್ಕನ ಮನೆಯಿಂದ ಮಾತ್ರ ಹಬ್ಬಕ್ಕೂ ಕರೆ ಬರಲಿಲ್ಲ. ಬಯ್ಯಪ್ಪ ಆ ಅಂಗಡಿಯ ಮುಂದೆ ಹೆಜ್ಜೆ ಬಿರುಸಾಗಿ ಹಾಕುತ್ತಿದ್ದ.

ಕೊನೆಗೆ ಅಕ್ಕ ಚಿಕ್ಕವೆಂಕಟಮ್ಮನೇ ಬೀದಿಗೆ ಬಂದು, ಹೋಗಿ ಭಾವನನ್ನು ಮಾತಾಡಿಸು ಎಂದು ಗದರಿಸಿದಳು. ಅವನು ಹೋದ. ವೆಂಕಟರಾಮಪ್ಪ ಮೊಳೆ ತೂಗುತ್ತಿದ್ದವನು ತಲೆಯೆತ್ತಲಿಲ್ಲ.

“ಆ ಮೈದಾನದಲ್ಲಿ ನೆರಳೇ ಇಲ್ಲ. ಕಾರೊಳಗೆ ಕೂತ್ರೆ ಒಲೆ ಮೇಲೆ ಕೂತಂಗೆ,” ಎಂದ. ಮೊಳೆಯ ಪೊಟ್ಟಣ ಕಟ್ಟುತ್ತಾ, “ನೆರಳು ಮಾಡಿಸ್ಕೊಡಿ ಅಂತ ನಗರಸಭೆಗೆ ಅರ್ಜಿ ಬರಿ. ನಾನೂ ಸಹಿ ಹಾಕ್ತೀನಿ.”

ಬಯ್ಯಪ್ಪ ಆಗಲಿ ಎನ್ನುವಷ್ಟರಲ್ಲಿ, ಬೀದಿಯ ಖಾಲಿ ಬದಿಗೆ ಯಾರೋ ಬೈಕು ತಂದು ನಿಲ್ಲಿಸಿದರು. ಅವನ ಕಾಲು ಆಗಲೇ ಮೆಟ್ಟಿಲಿಳಿದಿತ್ತು.